ಪದಚರ್ಚೆ (ತುರ್ತು): ಪಕ್ಷದ ಸಮಾವೇಶದ ‘ನಾಮಿನೇಷನ್’ಗೆ ನಾಮನಿರ್ದೇಶನ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಧ್ಯಕ್ಷ ಚುನಾವಣೆಗಳ ಬಗೆಗಿನ ಪ್ರದರ್ಶನವೊಂದರ ಫಲಕಗಳು ಕನ್ನಡಕ್ಕೆ ಬರುತ್ತಿವೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ತೊಡಕಿರುವುದು 1880ರ ಜೂನ್‌ನಲ್ಲಿ ಶಿಕಾಗೋದಲ್ಲಿ ನಡೆದ ರಿಪಬ್ಲಿಕನ್ ಸಮಾವೇಶದ ಫಲಕದಲ್ಲಿ. ತಲೆಬರಹ: ‘ನಾಮನಿರ್ದೇಶನಕ್ಕಾಗಿ ಅಭ್ಯರ್ಥಿಗಳ ಹಣಾಹಣಿ’. ಒಳಗಿನ ಸಾಲು: ‘36ನೇ ಮತಪತ್ರದಲ್ಲಿ ಕಪ್ಪು ಕುದುರೆ ಗಾರ್ಫೀಲ್ಡ್ ಗೆದ್ದರು’. ತಲೆಬರಹಕ್ಕೆ ನಾಲ್ಕು ಪದಕ್ಕಿಂತ ಹೆಚ್ಚು ಜಾಗವಿಲ್ಲ. ಸರಿಯಿದೆಯೇ, ತಿಳಿಸಿ.

— ಬೆಂಗಳೂರು

> ಸರಿಯಿದೆಯೇ, ತಿಳಿಸಿ

ಇಲ್ಲ. ವಿಧಾನ ಪರಿಷತ್ತಿಗೆ ರಾಜ್ಯಪಾಲರು 11 ಮಂದಿಯನ್ನು ತರುತ್ತಾರಲ್ಲ, ಅದು ನಾಮನಿರ್ದೇಶನ. ಅಲ್ಲಿ ಚುನಾವಣೆಯೇ ಇರುವುದಿಲ್ಲ. ನಾಮಪತ್ರವೂ ಆಗದು, ಅದು ಚುನಾವಣಾಧಿಕಾರಿಯ ಕೈಗೆ ಕೊಡುವ ಕಾಗದ. ಶಿಕಾಗೋದಲ್ಲಿ ಪಕ್ಷದ 756 ಪ್ರತಿನಿಧಿಗಳು ಸುತ್ತಿನ ಮೇಲೆ ಸುತ್ತು ಮತ ಹಾಕಿ ತಮ್ಮ ಪಕ್ಷದಿಂದ ನಿಲ್ಲುವವರನ್ನು ಆರಿಸಿದರು. ಅದಕ್ಕೆ ‘ಅಭ್ಯರ್ಥಿ ಆಯ್ಕೆ’ ಎಂದರೆ ಸಾಕು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಬಹುಮತಕ್ಕೆ ಬೇಕಾದ 379 ಮತ ಸಿಗುವ ತನಕ ಗ್ರಾಂಟ್, ಬ್ಲೇನ್, ಶರ್ಮನ್ ಮೂವರಲ್ಲಿ ಯಾರೂ ಅಭ್ಯರ್ಥಿಯಲ್ಲ, ಬರೀ ಆಕಾಂಕ್ಷಿಗಳು. ‘ಟಿಕೆಟ್ ಆಕಾಂಕ್ಷಿ’ ಎಂದು ನಮ್ಮ ಪತ್ರಿಕೆಗಳು ದಿನಾ ಬರೆಯುತ್ತವೆ. ಇಂಗ್ಲಿಷಿನ ‘ಕ್ಯಾಂಡಿಡೇಟ್’ ಎರಡು ಹಂತಕ್ಕೂ ಸಲ್ಲುತ್ತದೆ. ನಮ್ಮಲ್ಲಿ ಎರಡು ಪದಗಳಿರುವಾಗ ಒಂದನ್ನು ಕೈಬಿಡುವುದೇಕೆ?

— ಮೈಸೂರು

ಹಾಗಾದರೆ ‘ಟಿಕೆಟ್‌ಗಾಗಿ ಪೈಪೋಟಿ’ ಎಂದೇ ಹಾಕಿ. ಹಳ್ಳಿಯವರಿಗೂ ತಿಳಿಯುತ್ತದೆ.

— ತುಮಕೂರು

ಟಿಕೆಟ್ ಬೇಡ. ನಮ್ಮಲ್ಲಿ ಟಿಕೆಟ್ ಎಂದರೆ ವರಿಷ್ಠರು ಕೊಡುವುದು, ಶಿಕಾಗೋದಲ್ಲಿ ಕೊಡುವ ವರಿಷ್ಠರೇ ಇರಲಿಲ್ಲ. ಮೇಲಾಗಿ ಅಮೆರಿಕದಲ್ಲಿ ಆ ಪದಕ್ಕೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಜೋಡಿ ಎಂಬ ಅರ್ಥವಿದೆ. ಗಾರ್ಫೀಲ್ಡ್ ಮತ್ತು ಆರ್ಥರ್ ಸೇರಿದರೆ ಒಂದು ಟಿಕೆಟ್. ಅದೇ ಫಲಕದಲ್ಲಿ ಮುಂದೆ ಆರ್ಥರ್ ಹೆಸರು ಬಂದಾಗ ಓದುಗ ಗೊಂದಲಕ್ಕೆ ಬೀಳುತ್ತಾನೆ.

‘ಮತಪತ್ರ’ವೂ ತಪ್ಪು. ಪತ್ರವೇ ಇರಲಿಲ್ಲ. ಕಾರ್ಯದರ್ಶಿ ಅಕ್ಷರಾನುಕ್ರಮದಲ್ಲಿ ರಾಜ್ಯದ ಹೆಸರು ಕೂಗುತ್ತಾರೆ, ಆ ರಾಜ್ಯದ ತಂಡದ ಮುಖಂಡ ಎದ್ದು ಯಾರಿಗೆ ಎಷ್ಟು ಮತ ಎಂದು ಸಾರುತ್ತಾನೆ, ಅದನ್ನು ಬರೆದುಕೊಂಡು ಮುಂದಿನ ರಾಜ್ಯ. ಪಟ್ಟಿ ಮುಗಿದರೆ ಒಂದು ಸುತ್ತು. ಬರೀ ‘36ನೇ ಸುತ್ತು’ ಎಂದರೆ ನಮ್ಮವರು ಮತ ಎಣಿಕೆಯ ಸುತ್ತು ಎಂದುಕೊಳ್ಳುತ್ತಾರೆ. ‘36ನೇ ಸುತ್ತಿನ ಮತದಾನ’ ಎಂದು ಬಿಡಿಸಿ ಬರೆಯಿರಿ.

— ಮೈಸೂರು

ಅಭ್ಯರ್ಥಿ, ಆಕಾಂಕ್ಷಿ, ಉಮೇದುವಾರ. ಒಂದಾದರೂ ಕನ್ನಡವೇ? ಮೊದಲಿನೆರಡು ಸಂಸ್ಕೃತ, ಮೂರನೆಯದು ಪಾರಸಿ. ‘ಹುರಿಯಾಳು’ ಇದೆ, ಪತ್ರಿಕೆಗಳಲ್ಲೂ ಬಳಕೆಯಲ್ಲಿದೆ. ಅಭ್ಯರ್ಥಿ ಎಂದರೆ ಬೇಡುವವನು, ಹುರಿಯಾಳು ಎಂದರೆ ಕಾದುವವನು. ಹಣಾಹಣಿಯೂ ಸಂಸ್ಕೃತದ ‘ಹನ್’ ಧಾತುವಿನಿಂದ ಮರಾಠಿಗೆ ಹೋಗಿ ‘ಹಾಣಾಮಾರಿ’ಯ ಜೊತೆ ಇತ್ತ ಬಂದದ್ದು. ‘ಮೇಲಾಟ’ ಹಾಕಿ, ಮೇಲು ಮತ್ತು ಆಟ, ಎರಡೂ ನಮ್ಮವು.

— ಧಾರವಾಡ

> ಮರಾಠಿಗೆ ಹೋಗಿ

ಆಧಾರವಿಲ್ಲದ ಮಾತು. ‘ಹಣಿ’ ಎಂಬ ಕ್ರಿಯಾಪದ ಕನ್ನಡದಲ್ಲೇ ಇದೆ. ಆಟದ ಪುಟದಲ್ಲಿ ‘ಎದುರಾಳಿಯನ್ನು ಹಣಿದರು’ ಎಂದು ಓದಿಲ್ಲವೇ? ಹಣಾಹಣಿ ಅಲ್ಲಿಂದಲೇ ಬಂದದ್ದು.

— ಮಂಗಳೂರು

ಹಣಿ ಎಲ್ಲಿಂದ ಬಂತು ಎಂಬುದೇ ಪ್ರಶ್ನೆ. ಕ್ರಿಯಾಪದ ಇದೆ ಎಂದಮಾತ್ರಕ್ಕೆ ಕಡ ತಂದದ್ದಲ್ಲ ಎಂದಾಗದು.

— ಧಾರವಾಡ

ಬೇರು ಎಲ್ಲಿಯದಾದರೂ ಇರಲಿ, ಇಲ್ಲಿ ಅರ್ಥ ಕೂಡುವುದಿಲ್ಲ. ಹಣಾಹಣಿಗೆ ಇಬ್ಬರೂ ಎದುರೆದುರು ಇರಬೇಕು. ಗ್ರಾಂಟ್, ಬ್ಲೇನ್, ಶರ್ಮನ್ ಮೂವರೂ ಆ ಸಭಾಂಗಣಕ್ಕೆ ಕಾಲಿಡಲಿಲ್ಲ, ಆಕಾಂಕ್ಷಿಗಳು ದೂರವಿರುವುದೇ ಆಗಿನ ವಾಡಿಕೆ. ಗ್ರಾಂಟ್ ಪರವಾಗಿ ನ್ಯೂಯಾರ್ಕಿನ ಕಾಂಕ್ಲಿಂಗ್, ಶರ್ಮನ್ ಪರವಾಗಿ ಗಾರ್ಫೀಲ್ಡ್ ಸೆಣಸಿದರು. ಹಾಗಾಗಿ ಆಕಾಂಕ್ಷಿಗಳದ್ದು ಪೈಪೋಟಿ ಅಥವಾ ಮೇಲಾಟ. ಕಾಂಕ್ಲಿಂಗ್ ಮತ್ತು ಬ್ಲೇನ್ ನಡುವಿನದು ಬೇರೆ. 1866ರಲ್ಲಿ ಸದನದಲ್ಲೇ ಬ್ಲೇನ್ ಆತನ ನಡಿಗೆಯನ್ನು ಟರ್ಕಿ ಹುಂಜದ ಠೀವಿಗೆ ಹೋಲಿಸಿ ಹಂಗಿಸಿದ ಮೇಲೆ ಇಬ್ಬರೂ ರಾಜಿಯಾಗಲೇ ಇಲ್ಲ. ಅದಕ್ಕೆ ‘ಹಗೆ’ ಎನ್ನಿ. ಎರಡಕ್ಕೂ ಒಂದೇ ಪದ ಹಾಕಿದರೆ ಫಲಕ ಸುಳ್ಳು ಹೇಳುತ್ತದೆ.

ಬಣಗಳ ಹೆಸರೂ ಬಂದಿರುತ್ತದೆ. ಗ್ರಾಂಟ್ ಕಡೆಯ ‘ಸ್ಟಾಲ್ವರ್ಟ್’ಗೆ ‘ಕಟ್ಟಾಳು’ ಅಳತೆ ತೆಗೆದು ಹೊಲಿಸಿದಂತಿದೆ. ಬ್ಲೇನ್ ಕಡೆಯವರ ‘ಹಾಫ್ ಬ್ರೀಡ್’ ಎದುರಾಳಿಗಳು ಹೀನಾಯವಾಗಿ ಇಟ್ಟ ಹೆಸರು. ‘ಮಿಶ್ರ ಬಣ’ ಎಂದು ಮೃದು ಮಾಡಿದರೆ ಆ ಚುಚ್ಚು ಹೋಗುತ್ತದೆ. ‘ಬೆರಕೆ’ ಎಂದು ಉದ್ಧರಣ ಚಿಹ್ನೆಯೊಳಗೆ ಇಡಿ.

— ಮಂಗಳೂರು

‘ಕಪ್ಪು ಕುದುರೆ’ಯನ್ನು ಯಾರೂ ಮುಟ್ಟಲಿಲ್ಲ. ಕುದುರೆ ಜೂಜಿನ ‘ಡಾರ್ಕ್ ಹಾರ್ಸ್’ ಎಂಬ ಆ ಮಾತಿನಲ್ಲಿ ಡಾರ್ಕ್ ಎಂದರೆ ಮರೆಯಲ್ಲಿರುವುದು, ಬಣ್ಣಕ್ಕೆ ಸಂಬಂಧವಿಲ್ಲ. ‘ಎಲೆಮರೆಯ ಕಾಯಿ’ ಆಗಬಹುದೇ?

— ತುಮಕೂರು

ಮೊದಲು ಹೀಗೇ ಕರೆಸಿಕೊಂಡ ಪೋಲ್ಕನಿಗೂ ಆಗದು, ಗಾರ್ಫೀಲ್ಡನಿಗೂ ಆಗದು. 1844ರಲ್ಲಿ ಬಾಲ್ಟಿಮೋರಿನ ಡೆಮಾಕ್ರಟಿಕ್ ಸಮಾವೇಶದಲ್ಲಿ 9ನೇ ಸುತ್ತಿಗೆ ಆರಿಸಿ ಬಂದ ಪೋಲ್ಕ್ ಅದಾಗಲೇ ಸದನದ ಸ್ಪೀಕರ್, ಟೆನೆಸ್ಸಿಯ ಗವರ್ನರ್ ಆಗಿದ್ದವನು. ಗಾರ್ಫೀಲ್ಡ್ 1863ರಿಂದ ಸಂಸತ್ ಸದಸ್ಯ. ಎಲೆಮರೆ ಎಲ್ಲಿಂದ ಬಂತು? ಅವರು ಆಕಾಂಕ್ಷಿಗಳ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ. ಮೊದಲ ಸುತ್ತಿನಲ್ಲಿ ಗ್ರಾಂಟ್ 304, ಬ್ಲೇನ್ 284, ಶರ್ಮನ್ 93. ಯಾರೂ ಸಡಿಲ ಬಿಡದೆ 33 ಸುತ್ತು ಕಳೆದವು. 34ನೆಯದರಲ್ಲಿ, ರಾಜ್ಯಗಳ ಪಟ್ಟಿಯ ಕೊನೆಯಲ್ಲಿದ್ದ ವಿಸ್ಕಾನ್ಸಿನ್ ದಿಢೀರನೆ 16 ಮತಗಳನ್ನು ಗಾರ್ಫೀಲ್ಡನಿಗೆ ಕೊಟ್ಟಿತು. ತನ್ನ ಒಪ್ಪಿಗೆಯಿಲ್ಲದೆ ತನ್ನ ಹೆಸರಿಗೆ ಮತ ಹಾಕುವಂತಿಲ್ಲ ಎಂದು ಆತ ಎದ್ದು ತಕರಾರು ತೆಗೆದ. ಅಧ್ಯಕ್ಷ ಪೀಠದಲ್ಲಿದ್ದ ಹೋರ್ ಕೇಳಲಿಲ್ಲ. 36ನೇ ಸುತ್ತಿನಲ್ಲಿ ಗಾರ್ಫೀಲ್ಡ್ 399, ಗ್ರಾಂಟ್ 306, ಬ್ಲೇನ್ 42. ‘ಅನಿರೀಕ್ಷಿತ ಹುರಿಯಾಳು’ ಎನ್ನಿ. ಧಾರವಾಡದವರ ಪದ ಕೂರುವ ಜಾಗ ಇದು. ‘ಗೆದ್ದರು’ ಬೇಡ, ಗೆದ್ದದ್ದು ನವೆಂಬರಿನಲ್ಲಿ.

— ಮೈಸೂರು

ಉಪಕಾರವಾಯಿತು. ತಲೆಬರಹ: ‘1880: ರಿಪಬ್ಲಿಕನ್ ಆಕಾಂಕ್ಷಿಗಳ ಮೇಲಾಟ’. ಒಳಗೆ: ‘36ನೇ ಸುತ್ತಿನ ಮತದಾನದಲ್ಲಿ ಅನಿರೀಕ್ಷಿತ ಹುರಿಯಾಳು ಗಾರ್ಫೀಲ್ಡ್ ಪಕ್ಷದ ಅಭ್ಯರ್ಥಿಯಾಗಿ ಆಯ್ಕೆಯಾದರು’. ಇನ್ನೊಂದು ಉಳಿದಿದೆ. ಕಾಂಕ್ಲಿಂಗ್ ಪಟ್ಟುಹಿಡಿದು ಸೋತ ‘ಯೂನಿಟ್ ರೂಲ್’ಗೆ ‘ಏಕಮತ ನಿಯಮ’ ಎಂದಿದ್ದೇನೆ.

— ಬೆಂಗಳೂರು

ಏಕಮತ ಎಂದರೆ ಎಲ್ಲರೂ ಒಪ್ಪಿದ್ದು. ಅಲ್ಲಿ ಆಗುತ್ತಿದ್ದುದು ತದ್ವಿರುದ್ಧ: ತಂಡದ ಬಹುಮತ ಯಾರ ಕಡೆಗೋ ಒಪ್ಪದವರ ಮತವೂ ಅವರಿಗೇ. ಆ ನಿಯಮ ನಿಂತಿದ್ದರೆ ನ್ಯೂಯಾರ್ಕಿನ 70 ಮತಗಳೂ ಗ್ರಾಂಟ್‌ಗೇ ಹೋಗುತ್ತಿದ್ದವು. ‘ಇಡಿಗಂಟು ಮತ ನಿಯಮ’ ಎನ್ನಿ. ‘ಆಕಾಂಕ್ಷಿ’ಯ ಮೊದಲಕ್ಷರ ದೀರ್ಘ, ಅಚ್ಚಿನವರು ‘ಅಕಾಂಕ್ಷಿ’ ಮಾಡಿಬಿಡುತ್ತಾರೆ. ಕರಡು ಬಂದಾಗ ಮೊದಲು ಅದನ್ನು ನೋಡಿ.

— ಮಂಗಳೂರು