ಮನೆಯಲ್ಲೇ ಲಿಮೊನ್‌ಚೆಲ್ಲೊ: ನಮ್ಮ ಲಿಂಬಿಹಣ್ಣು ನಡೆಯುತ್ತಾ?

ವಿದ್ಯಾನಗರ_ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ಅಕ್ಕ, ಮಾಮಾ ಇಟಲಿಗೆ ಹೋಗಿದ್ದವರು ಸೊರೆಂಟೊದಿಂದ ಒಂದು ಸಣ್ಣ ಬಾಟಲಿ ಲಿಮೊನ್‌ಚೆಲ್ಲೊ, ಅಂದರೆ ಲಿಂಬಿ ಸಿಪ್ಪೆಯ ಸಿಹಿ ಮದ್ಯ, ತಂದುಕೊಟ್ಟರು. ಊಟ ಆದ ಮೇಲೆ ಫ್ರೀಜರ್‌ನಿಂದ ತೆಗೆದು ಒಂದೊಂದು ಗುಟುಕು ಕುಡಿಯುವುದಂತೆ. ಲಿಂಬಿ ವಾಸನೆ ಘಮ್ ಅನ್ನುತ್ತೆ, ಹುಳಿ ಮಾತ್ರ ಇಲ್ಲವೇ ಇಲ್ಲ. ಇದನ್ನು ಮನೆಯಲ್ಲಿ ಮಾಡಬೇಕು ಅಂತ ಬಹಳ ಆಸೆ. ಇಟಲಿಯವರ ಅಳತೆಯಲ್ಲಿ 95 ಪರ್ಸೆಂಟ್ ಆಲ್ಕೋಹಾಲ್ 1 ಲೀಟರ್, ನೀರು 1 ಲೀಟರ್, ಸಕ್ಕರೆ 700 ಗ್ರಾಂ ಅಂತಿದೆ. ಅಂಥ ಸ್ಪಿರಿಟ್ ಇಲ್ಲಿ ವೈನ್‌ಶಾಪ್‌ನಲ್ಲಿ ಸಿಗಲ್ಲ. ವೋಡ್ಕಾ ಹಾಕಿ ಇದೇ ಅಳತೆ ಇಡಬಹುದಾ? ಜನತಾ ಬಜಾರ್‌ನ ಲಿಂಬಿಹಣ್ಣು ಸಾಕಾ?

ಸಪ್ತಾಪುರದವ:
ಅಳತೆ ಹಾಗೇ ಇಡಬೇಡಿ ಅಣ್ಣಾ. ನಮ್ಮ ವೋಡ್ಕಾ 42.8 ಪರ್ಸೆಂಟ್. ಅದಕ್ಕೆ ಅಷ್ಟು ಪಾಕ ಸುರಿದರೆ ಕೊನೆಗೆ 18ರ ಹತ್ತಿರ ಬಂದು ನಿಲ್ಲುತ್ತೆ, ಫ್ರೀಜರ್‌ನಲ್ಲಿಟ್ಟರೆ ಹರಳುಗಟ್ಟುತ್ತೆ. 750 ಎಂಎಲ್ ಬಾಟಲಿಗೆ 200 ಎಂಎಲ್ ನೀರು, 250 ಗ್ರಾಂ ಸಕ್ಕರೆ ಸಾಕು. ಆಗ 29ರ ಆಸುಪಾಸು ಇರುತ್ತೆ, ಇಟಲಿಯಲ್ಲೂ ಸಾಮಾನ್ಯವಾಗಿ 25ರಿಂದ 35ರೊಳಗೇ ಇರುವುದು. ಪಾಕಕ್ಕೆ ಎಳೆ ಬರಬೇಕಿಲ್ಲ, ಸಕ್ಕರೆ ಕರಗಿದರೆ ಆಯ್ತು, ಆದರೆ ಪೂರ್ತಿ ಆರಿದ ಮೇಲೇ ಬೆರೆಸಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಸ್ಟ್ರಾಂಗ್ ಬೇಕು ಅಂತ ಮೆಡಿಕಲ್ ಶಾಪ್ ಸ್ಪಿರಿಟ್, ಲ್ಯಾಬ್ ಸ್ಪಿರಿಟ್, ಪೇಂಟ್ ಅಂಗಡಿ ಸ್ಪಿರಿಟ್ ಯಾವುದನ್ನೂ ಮುಟ್ಟಬೇಡಿ. ಅದರಲ್ಲಿ ಮೆಥನಾಲ್ ಇದ್ದರೆ ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ. ಮನೆಯಲ್ಲಿ ಭಟ್ಟಿ ಇಳಿಸುವುದಂತೂ ಅಪರಾಧ. ಸೀಲ್ ಇರುವ ವೋಡ್ಕಾ, ಅಷ್ಟೇ.

ಗದಗಿನ_ಅಡುಗೆಮನೆ:
ಅಳತೆ ಸರಿ ಹೇಳಿದ್ದಾರೆ, ನಾನು ಹಣ್ಣಿನ ಬಗ್ಗೆ ಹೇಳ್ತೀನಿ. ಇಲ್ಲಿ ರಸಕ್ಕೆ ಕೆಲಸವೇ ಇಲ್ಲ ರೀ, ಎಲ್ಲಾ ಇರುವುದು ಸಿಪ್ಪೆಯಲ್ಲಿ. ಸಿಪ್ಪೆಯ ತುಂಡನ್ನು ಬೆಳಕಿಗೆ ಹಿಡಿದು ಮಡಚಿ ನೋಡಿ, ಸಣ್ಣ ಹನಿಗಳು ಚಿಮ್ಮುತ್ತವೆ. ಆ ಎಣ್ಣೆಯೇ ಆಲ್ಕೋಹಾಲ್‌ಗೆ ಇಳಿಯಬೇಕು. ಸೊರೆಂಟೊ, ಅಮಾಲ್ಫಿ ಕಡೆಯ ಹಣ್ಣು ದೊಡ್ಡದು, ಸಿಪ್ಪೆ ದಪ್ಪ. ನಮ್ಮದು ಇಂಡಿ ಕಡೆಯಿಂದ ಬರುವ ಕಾಗಜಿ ಲಿಂಬಿ, ಹೆಸರೇ ಹೇಳುವಂತೆ ಕಾಗದದಷ್ಟು ತೆಳು. ಪೀಲರ್ ಹಾಕಿದರೆ ಬಿಳಿ ಭಾಗವೂ ಎದ್ದು ಬರುತ್ತೆ, ಕಹಿ ಆಗುವುದು ಅದರಿಂದಲೇ. ಸಣ್ಣ ಕಣ್ಣಿನ ತುರಿಮಣೆಯಲ್ಲಿ ಹಗುರಕ್ಕೆ ಹಳದಿ ಮೇಲ್ಪದರ ಮಾತ್ರ ತುರಿಯಿರಿ, ಒತ್ತಬೇಡಿ, ಒಂದೇ ಜಾಗದಲ್ಲಿ ಎರಡನೇ ಸಲ ಎಳೆಯಬೇಡಿ. ಚೆನ್ನಾಗಿ ಹಣ್ಣಾಗಿ ಹಳದಿಯಾದದ್ದನ್ನೇ ಆರಿಸಿ. 750 ಎಂಎಲ್‌ಗೆ 15-20 ಹಣ್ಣು ಬೇಕಾಗಬಹುದು. ರುಚಿ ಇಟಲಿಯದರ ಹಾಗೇ ಬರಲ್ಲ, ಸ್ವಲ್ಪ ಖಾರದ ವಾಸನೆ ಇರುತ್ತೆ, ನನಗಂತೂ ಅದೇ ಇಷ್ಟ. ಮಾದಲ ಹಣ್ಣು ಸಿಕ್ಕರೆ ಬಿಡಬೇಡಿ, ಅದರ ಸಿಪ್ಪೆಯ ಪರಿಮಳವೇ ಬೇರೆ.

ತುರಿ, ವೋಡ್ಕಾ ಎರಡನ್ನೂ ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ. ಬಿಸಿಲು ಬೀಳದ ಕಪಾಟಿನಲ್ಲಿಟ್ಟು ದಿನಕ್ಕೊಮ್ಮೆ ಅಲ್ಲಾಡಿಸಿ. ತುರಿದ ಸಿಪ್ಪೆಗೆ ಒಂದು ವಾರ, ಹತ್ತು ದಿನ ಸಾಕು. ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ. ಪಾಕ ಬೆರೆಸುವುದು ಇದಾದ ಮೇಲೆ.

ವಿದ್ಯಾನಗರ_ಹುಬ್ಬಳ್ಳಿ:
ತುಂಬಾ ಥ್ಯಾಂಕ್ಸ್ ರೀ ಇಬ್ಬರಿಗೂ. ಅಕ್ಕ ತಂದಿದ್ದು ಹಾಲು ಬೆರೆಸಿದ ಹಾಗೆ ಮಂಜು ಮಂಜಾಗಿತ್ತು. ವೋಡ್ಕಾದಲ್ಲಿ ಹಾಗೆ ಬರುತ್ತಾ? ಮತ್ತೆ ಉಳಿದ ಅಷ್ಟು ಹಣ್ಣು ಏನು ಮಾಡುವುದು?

ಸಪ್ತಾಪುರದವ:
ಸ್ಟ್ರಾಂಗ್ ಆಲ್ಕೋಹಾಲ್‌ನಲ್ಲಿ ಎಣ್ಣೆ ಪೂರ್ತಿ ಕರಗಿರುತ್ತೆ. ಪಾಕದ ನೀರು ಬಿದ್ದ ಕೂಡಲೇ ಅದು ತೀರಾ ಸಣ್ಣ ಹನಿಗಳಾಗಿ ಬಿಡಿಸಿಕೊಳ್ಳುತ್ತೆ, ಆ ಮಂಜು ಅದೇ. ವೋಡ್ಕಾದಲ್ಲಿ ಮೊದಲೇ ನೀರು ಜಾಸ್ತಿ, ಎಣ್ಣೆ ಕಡಿಮೆ ಇಳಿಯುತ್ತೆ. ಹಾಗಾಗಿ ತಿಳಿಯಾಗಿಯೇ ಉಳಿಯಬಹುದು, ಕೆಟ್ಟಿದೆ ಅಂತ ಚೆಲ್ಲಬೇಡಿ.

ಹಾವೇರಿ_ಅಕ್ಕ:
ನಮ್ಮ ಮನೆಯಲ್ಲಿ ಯಾರೂ ಕುಡಿಯಲ್ಲ, ಆದರೂ ಹಣ್ಣಿನ ಪ್ರಶ್ನೆಗೆ ಉತ್ತರ ಹೇಳ್ತೀನಿ ತಮ್ಮಾ. ಮೇಲ್ಪದರ ಹೋದ ಹಣ್ಣು ಬೇಗ ಒಣಗಿ ಗಟ್ಟಿಯಾಗುತ್ತೆ. ಅವತ್ತೇ ರಸ ಹಿಂಡಿ ಐಸ್ ಟ್ರೇನಲ್ಲಿ ಹಾಕಿಡು, ಚಿತ್ರಾನ್ನಕ್ಕೆ, ಶರಬತ್ತಿಗೆ ಬರುತ್ತೆ. ಸ್ವಲ್ಪ ತುರಿ ಎತ್ತಿಟ್ಟು ಸಕ್ಕರೆ ಜೊತೆ ಕೈಯಿಂದ ತಿಕ್ಕಿ ಒಂದು ರಾತ್ರಿ ಮುಚ್ಚಿಡು, ಸಕ್ಕರೆ ಎಣ್ಣೆ ಹೀರಿ ಒದ್ದೆಯಾಗಿರುತ್ತೆ. ಆ ಸಕ್ಕರೆಯಲ್ಲೇ ಶರಬತ್ತು ಮಾಡು, ಮಕ್ಕಳೂ ಕುಡಿಯಬಹುದು. ಬಾಟಲಿ ಮೇಲೆ ಮಾತ್ರ ದೊಡ್ಡದಾಗಿ ಹೆಸರು ಬರೆದಿಡು, ಫ್ರಿಜ್ಜಿನಲ್ಲಿ ಎರಡೂ ಒಂದೇ ಥರ ಕಾಣ್ತವೆ.