ಚಾವಿ ಒಳಗೆ, ನಾವು ಹೊರಗೆ: ಕಾರು ತಾನೇ ಲಾಕ್ ಆದರೆ ತಪ್ಪು ಯಾರದು?

ಗದಗಿನ ಗಾಡಿ:
ಮೊನ್ನೆ ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಲಕ್ಕುಂಡಿಗೆ ಹೋಗಿದ್ದೆ. ಕಾಶಿ ವಿಶ್ವೇಶ್ವರ ಗುಡಿ ನೋಡಿ ಹೊರಗೆ ಬಂದು ರಿಮೋಟ್ ಒತ್ತಿದೆ, ಕಾರು ಅನ್‌ಲಾಕ್ ಆಯ್ತು. ಬುತ್ತಿ ತೆಗೆಯಬೇಕಿತ್ತು, ಅದಕ್ಕೆ ಬಾಗಿಲ ಕಡೆ ಹೋಗದೆ ಸೀದಾ ಡಿಕ್ಕಿ ತೆರೆದೆ. ಚಾಪೆ, ನೀರಿನ ಕ್ಯಾನು, ರೊಟ್ಟಿ ಗಂಟು ಇಳಿಸಲು ಎರಡೂ ಕೈ ಬೇಕಲ್ವಾ, ಚಾವಿಯನ್ನು ಅಲ್ಲೇ ಚೀಲದ ಮೇಲಿಟ್ಟೆ. ಅಷ್ಟರಲ್ಲಿ ಟಕ್ ಅಂತ ಸದ್ದಾಯಿತು. ಮಗ ಬಾಗಿಲು ಎಳೆದಿರಬೇಕು ಅಂದುಕೊಂಡು ಡಿಕ್ಕಿ ಹಾಕಿದೆ. ಮುಗೀತು. ನಾಲ್ಕೂ ಬಾಗಿಲು ಲಾಕ್, ಡಿಕ್ಕಿಯೂ ಲಾಕ್. ಚಾವಿ ಒಳಗೆ.

ಗದಗಿನಿಂದ ಲಕ್ಕುಂಡಿ 12 ಕಿಲೋಮೀಟರ್, ಅಷ್ಟು ಪುಣ್ಯ. ಅಳಿಯ ಬೈಕ್ ಮೇಲೆ ಇನ್ನೊಂದು ಚಾವಿ ತಂದುಕೊಟ್ಟ. ಊಟ ಗುಡಿ ಮುಂದೆ ಆಯ್ತು, ಅದರಲ್ಲಿ ತೊಂದರೆ ಆಗಲಿಲ್ಲ. ಆದರೆ ಮರುದಿನ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ "ಚಾವಿ ನೀವು ಒಳಗಿಟ್ಟಿದ್ದು ಸರ್, ಕಾರು ಏನು ಮಾಡುತ್ತದೆ" ಅಂದರು. ನಾನು ಲಾಕ್ ಬಟನ್ ಮುಟ್ಟಿಯೇ ಇಲ್ಲ. ಲಾಕ್ ಮಾಡಿದ್ದು ಕಾರು. ನನ್ನನ್ನು ಕೇಳದೆ ಲಾಕ್ ಆಗುವ ಕಾರು ಯಾರಿಗೆ ಬೇಕು?

ಲೈನ್ ಬಜಾರ್:
ನನಗೆ ಬೇಕು. ರಿಮೋಟ್ ಪ್ಯಾಂಟ್ ಕಿಸೆಯಲ್ಲಿರುತ್ತದೆ. ಕೂತಾಗ, ಮೆಟ್ಟಿಲು ಹತ್ತುವಾಗ ಬಟನ್ ಒತ್ತಿಹೋಗುತ್ತದೆ. ಮನೆ ಕೆಳಗೆ ನಿಂತ ಕಾರು ನನಗೆ ಗೊತ್ತಿಲ್ಲದೆ ತೆರೆದುಕೊಂಡರೆ ರಾತ್ರಿಯೆಲ್ಲ ಹಾಗೇ ಇರಬೇಕಾ? ಅದಕ್ಕೇ ಅನ್‌ಲಾಕ್ ಮಾಡಿ ಸುಮಾರು 30 ಸೆಕೆಂಡು ಯಾವ ಬಾಗಿಲೂ ತೆರೆಯದಿದ್ದರೆ ಕಾರು ಮತ್ತೆ ಲಾಕ್ ಆಗುವ ಹಾಗೆ ಮಾಡಿದ್ದಾರೆ. ಚಾವಿ ಕಿಸೆಯಲ್ಲೇ ಇಟ್ಟುಕೊಂಡವರಿಗೆ ಇದರಿಂದ ಏನೂ ತ್ರಾಸಿಲ್ಲ. ಗಾಡಿ ಅಣ್ಣಾ, ಬೇಜಾರಾಗಬೇಡಿ, ಚೀಲದ ಮೇಲೆ ಇಟ್ಟವರು ಯಾರು?

ಗದಗಿನ ಗಾಡಿ:
ಡಿಕ್ಕಿ ಬಾಗಿಲಲ್ವಾ? ನಾನು ಡಿಕ್ಕಿ ತೆರೆದಿದ್ದೆ.

ಪಾನಾ ಹಿಡಿದವ:
ಗೋಕುಲ ರೋಡಿನಲ್ಲಿ ಗ್ಯಾರೇಜ್ ಕೆಲಸ ನನ್ನದು, ಹಾಗಾಗಿ ನಡುವೆ ಬಾಯಿ ಹಾಕುತ್ತೇನೆ. ಗಾಡಿ ಅಣ್ಣಾರು ಕೇಳಿದ್ದು ಸರಿಯಾದ ಪ್ರಶ್ನೆ. ಕೆಲವು ಕಾರುಗಳಲ್ಲಿ ಡಿಕ್ಕಿ ತೆರೆದರೂ ಆ 30 ಸೆಕೆಂಡಿನ ಲೆಕ್ಕ ನಿಲ್ಲುತ್ತದೆ. ಕೆಲವುಗಳಲ್ಲಿ ನಾಲ್ಕು ಬಾಗಿಲಲ್ಲಿ ಒಂದಾದರೂ ತೆರೆಯಲೇಬೇಕು, ಡಿಕ್ಕಿ ಲೆಕ್ಕಕ್ಕಿಲ್ಲ. ಇದು ಕಂಪನಿ ಬರೆದ ಪ್ರೋಗ್ರಾಂ, ಲಾಕ್ ಕೆಟ್ಟಿದೆ ಅಂತ ಅಲ್ಲ.

ಜನ ಎಲ್ಲದಕ್ಕೂ "ಆಟೋ ಲಾಕ್" ಅಂದುಬಿಡುತ್ತಾರೆ. ಓಡುವಾಗ 15–20 ಕಿಲೋಮೀಟರ್ ವೇಗ ದಾಟಿದ ಮೇಲೆ ಆಗುವ ಲಾಕ್ ಬೇರೆ. ಅದು ಬಾಗಿಲು ತೆರೆದುಕೊಳ್ಳಬಾರದು, ಮಕ್ಕಳು ಎಳೆಯಬಾರದು ಅಂತ ಇದೆ. ಢಿಕ್ಕಿಯಾಗಿ ಏರ್‌ಬ್ಯಾಗ್ ಬಿಚ್ಚಿದರೆ ತಾನೇ ಅನ್‌ಲಾಕ್ ಆಗುವ ವ್ಯವಸ್ಥೆಯೂ ಈಗ ಬಹಳ ಕಾರುಗಳಲ್ಲಿದೆ. ಅದರಿಂದ ಯಾರೂ ಹೊರಗೆ ಉಳಿಯುವುದಿಲ್ಲ. ಕಾಟ ಕೊಡುವುದು ನಿಂತ ಕಾರಿನ ಲಾಕ್.

ಇನ್ನೊಂದಿದೆ, ಅದು ಗ್ಯಾರೇಜಿನವರಿಗೆ ಮಾತ್ರ ಗೊತ್ತು. ಬ್ಯಾಟರಿ ಪೂರ್ತಿ ಕೂತ ಕಾರು ಬರುತ್ತದೆ. ಚಾವಿ ಒಳಗೇ ಇರುತ್ತದೆ. ಬಾನೆಟ್ ಎತ್ತಿ ಹೊಸ ಬ್ಯಾಟರಿ ಇಟ್ಟು ಟರ್ಮಿನಲ್ ಕೂರಿಸಿದ ತಕ್ಷಣ ಕೆಲವು ಕಾರು ಟಕ್ಕನೆ ಲಾಕ್ ಆಗುತ್ತವೆ. ಕರೆಂಟ್ ಬಂದ ಖುಷಿಗೆ! ಅದಕ್ಕೆ ನಮ್ಮಲ್ಲಿ ಹುಡುಗರಿಗೆ ಮೊದಲ ಪಾಠ: ಬ್ಯಾಟರಿ ಕೆಲಸ ಅಂದರೆ ಚಾವಿ ತೆಗೆದು ಕಿಸೆಗೆ ಹಾಕು, ಆಮೇಲೆ ಪಾನಾ ಹಿಡಿ.

ಬ್ಯಾಡಗಿ ಖಾರ:
ಪಾನಾ ಅಣ್ಣಾ, ಬಟನ್ ಸ್ಟಾರ್ಟ್ ಕಾರಿನಲ್ಲಿ ಚಾವಿ ಒಳಗಿದ್ದರೆ ಲಾಕ್ ಆಗುವುದೇ ಇಲ್ಲ, ಕೀಂ ಕೀಂ ಅಂತ ಕೂಗುತ್ತದೆ ಅಂತ ಶೋರೂಮಿನವರು ಹೇಳಿದ್ದರು. ನಮ್ಮ ಕಾಕಾ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸ್ಯಾಂಪಲ್ ಚೀಲಗಳನ್ನು ಡಿಕ್ಕಿಗೆ ಹಾಕುವಾಗ ಚಾವಿಯನ್ನು ಊಟದ ಸ್ಟೀಲ್ ಡಬ್ಬಿ ಕ್ಯಾರಿಯರ್ ಸಂದಿಯಲ್ಲಿ ತುರುಕಿದ್ದರು. ಕೂಗಲೂ ಇಲ್ಲ, ಏನೂ ಇಲ್ಲ. ಆರಾಮಾಗಿ ಲಾಕ್ ಆಯ್ತು. ಕಾಕಾ ಆ ಘಾಟಿನಲ್ಲಿ ಸೀನುತ್ತಾ ನಿಂತಿದ್ದರು.

ಪಾನಾ ಹಿಡಿದವ:
ಶೋರೂಮಿನವರು ಹೇಳಿದ್ದು ಸುಳ್ಳಲ್ಲ, ಅರ್ಧ ಹೇಳಿದ್ದಾರೆ. ಕಾರಿನ ಒಳಗೆ ಅಲ್ಲಲ್ಲಿ ಸಣ್ಣ ಆಂಟೆನಾ ಇರುತ್ತವೆ. ಅವು "ಇದ್ದೀಯಾ?" ಅಂತ ಕೇಳುತ್ತವೆ, ಚಾವಿ "ಇದ್ದೀನಿ" ಅಂತ ರೇಡಿಯೋದಲ್ಲಿ ಉತ್ತರ ಕೊಡುತ್ತದೆ. ಸುತ್ತ ಸ್ಟೀಲ್ ಇದ್ದರೆ ಪ್ರಶ್ನೆ ಚಾವಿಗೆ ಮುಟ್ಟದೆ ಹೋಗಬಹುದು. ಮೊಬೈಲಿಗೆ ಅಂಟಿಕೊಂಡಿದ್ದರೂ ಹಾಗೇ. ಚಾವಿಯ ಒಳಗಿನ ಸೆಲ್ ಕೂತಿದ್ದರೂ ಹಾಗೇ. ಬಹಳ ಚಾವಿಗಳಲ್ಲಿ ಸಿಆರ್2032 ಅಂತ ನಾಣ್ಯದ ಹಾಗಿರುವ 3 ವೋಲ್ಟಿನ ಸೆಲ್ ಇರುತ್ತದೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಉತ್ತರ ಬರದಿದ್ದರೆ ಕಾರು ಏನು ತಿಳಿಯುತ್ತದೆ? ಚಾವಿ ಹೊರಗಿದೆ ಅಂತ.

ಹಾಂ, ಸ್ಮಾರ್ಟ್ ಕೀ ಒಳಗೆ ಒಂದು ಕಬ್ಬಿಣದ ಚಾವಿ ಅಡಗಿರುತ್ತದೆ. ಸೆಲ್ ಸತ್ತರೆ ಅದರಿಂದ ಡ್ರೈವರ್ ಬಾಗಿಲು ತೆರೆಯಬಹುದು. ತೂತು ಕಾಣದಿದ್ದರೆ ಹ್ಯಾಂಡಲ್ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ನೋಡಿ.

ಲೈನ್ ಬಜಾರ್:
ನೋಡಿ, ಮತ್ತೆ ಅಲ್ಲಿಗೇ ಬಂತು. ಎಷ್ಟು ಆಂಟೆನಾ ಹಾಕಿದರೂ ಚಾವಿ ಡಬ್ಬಿಯಲ್ಲಿ ತುರುಕಿದರೆ ಯಾರೇನು ಮಾಡೋಕಾಗುತ್ತೆ?

ಸಪ್ತಾಪುರ ಅಕ್ಕ:
ಲೈನ್ ಬಜಾರ್ ತಮ್ಮಾ, ಎಲ್ಲವೂ ಕಿಸೆಯ ಮಾತಲ್ಲ. ಹೋದ ಏಪ್ರಿಲ್‌ನಲ್ಲಿ ನಮ್ಮ ಓಣಿಯಲ್ಲೇ ಆಗಿದ್ದು ಹೇಳುತ್ತೇನೆ. ಕೂಸು ಹಿಂದಿನ ಸೀಟಿನಲ್ಲಿ ಅಳುತ್ತಿತ್ತು. ಸುಮ್ನಿರಲಿ ಅಂತ ಅದರ ತಾಯಿ ಚಾವಿ ಗೊಂಚಲು ಕೈಗೆ ಕೊಟ್ಟಳು. ತರಕಾರಿ ಚೀಲ ಮನೆಯೊಳಗಿಟ್ಟು ಬರುವಷ್ಟರಲ್ಲಿ ಕೂಸು ಬಟನ್ ಒತ್ತಿತ್ತು. ಹೊರಗೆ ಸೇರಿದವರಲ್ಲಿ ಒಬ್ಬರು ಸ್ಕೇಲ್ ತರಲು ಹೋದರು, ಒಬ್ಬರು "ಬಟನ್ ಒತ್ತು ಪುಟ್ಟಾ" ಅಂತ ಗ್ಲಾಸ್ ಬಡಿದರು. ಅದು ನಕ್ಕಿತು. ಆಮೇಲೆ ಬೆವೆಯತೊಡಗಿತು, ಆಮೇಲೆ ಅಳು ನಿಂತಿತು. ಅಳು ನಿಂತಾಗಲೇ ನನಗೆ ಕೈಕಾಲು ತಣ್ಣಗಾಗಿದ್ದು, ಯಾಕಂದರೆ ನಾನು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡ್ ನೋಡಿಕೊಂಡವಳು.

ಹೊರಗೆ 35 ಡಿಗ್ರಿ ಇದ್ದರೆ, ಬಿಸಿಲಲ್ಲಿ ನಿಂತ ಕಾರಿನ ಒಳಗೆ 10 ನಿಮಿಷದಲ್ಲಿ 45ರ ಹತ್ತಿರ ಹೋಗುತ್ತದೆ. ಗ್ಲಾಸ್ ಎರಡು ಬೆರಳು ಇಳಿಸಿದ್ದರೂ ಹೆಚ್ಚು ಉಪಯೋಗವಿಲ್ಲ. ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಮೈಯೊಳಗಿನ ಶಾಖ 40 ದಾಟಿತು ಅಂದರೆ ಹೀಟ್ ಸ್ಟ್ರೋಕ್. ಅಲ್ಲಿ ನಿಂತು "ಗ್ಲಾಸಿಗೆ ಎಷ್ಟಾಗುತ್ತೋ, ಯಜಮಾನರು ಬರಲಿ" ಅಂತ ಮಾತಾಡುತ್ತಿದ್ದರು! ನಾನೇ ಒಡೆಯಿರಿ ಅಂತ ಕೂಗಿದೆ. ಎದುರುಮನೆ ಹುಡುಗ ಒಡೆದ. ಕೂಸು ಚೆನ್ನಾಗಿದೆ ಈಗ.

ಲೈನ್ ಬಜಾರ್:
ಅಕ್ಕಾ, ಮಗು ಒಳಗಿದ್ದರೆ ನನ್ನದೇನೂ ವಾದವಿಲ್ಲ. ಆದರೂ ಚಾವಿಯವರನ್ನು ಕರೆಸಿದ್ದರೆ ಐದು ನಿಮಿಷದ ಕೆಲಸ ಆಗುತ್ತಿತ್ತೇನೋ ಅಂತ ಕೇಳಿದೆ ಅಷ್ಟೇ.

ಸಪ್ತಾಪುರ ಅಕ್ಕ:
ಕೆಲಸ ಐದು ನಿಮಿಷದ್ದು ತಮ್ಮಾ, ಬರೋದಕ್ಕೆ? ಎಂಜಿನ್ ಆನ್ ಇದ್ದು ಎಸಿ ಓಡುತ್ತಿದ್ದರೆ ಕಾಯಬಹುದು, ಕಣ್ಣು ಮಗುವಿನ ಮೇಲೇ ಇಟ್ಟುಕೊಂಡು. ಎಸಿ ಇಲ್ಲ, ಬಿಸಿಲಿದೆ ಅಂದರೆ 112ಕ್ಕೆ ಒಬ್ಬರು ಫೋನ್ ಮಾಡುತ್ತಿರಲಿ, ಇನ್ನೊಬ್ಬರು ಗ್ಲಾಸ್ ಒಡೆಯಲಿ.

ಪಾನಾ ಹಿಡಿದವ:
ಅಕ್ಕಾರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮುಂದಿನ ದೊಡ್ಡ ಗ್ಲಾಸಿಗೆ ಕೈ ಹಾಕಬೇಡಿ. ಅದು ಎರಡು ಪದರ, ನಡುವೆ ಪ್ಲಾಸ್ಟಿಕ್ ಹಾಳೆ. ಬಿರುಕು ಬಿಡುತ್ತದೆ, ದಾರಿ ಬಿಡುವುದಿಲ್ಲ. ಬಾಗಿಲಿನ ಗ್ಲಾಸ್ ಸಾಮಾನ್ಯವಾಗಿ ಟಫನ್ಡ್, ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ನಡುವೆ ಹೊಡೆದರೆ ಕಲ್ಲು ವಾಪಸ್ ಪುಟಿಯುತ್ತದೆ, ಕೆಳಗಿನ ಮೂಲೆಗೆ ಚೂಪಾದ ಕಬ್ಬಿಣದಿಂದ ಹೊಡೆಯಬೇಕು. ಮಗು ಯಾವ ಕಡೆ ಇದೆಯೋ ಅದರ ಎದುರು ಕಡೆಯ ಗ್ಲಾಸ್. ಕೈಗೆ ಟವೆಲ್ ಸುತ್ತಿಕೊಳ್ಳಿ. ಹಿಂದಿನ ಬಾಗಿಲ ಪಕ್ಕದ ಪುಟ್ಟ ತ್ರಿಕೋನದ ಗ್ಲಾಸ್ ಅಗ್ಗ ಅಂತ ಅದನ್ನೇ ಹುಡುಕುತ್ತಾರೆ ಜನ. ಎಷ್ಟೋ ಕಾರಿನಲ್ಲಿ ಅದು ಗಮ್ ಹಾಕಿ ಕೂರಿಸಿದ್ದು, ಬದಲಿಸುವ ಕೆಲಸ ಜಾಸ್ತಿ.

ಪಾಲಿಸಿ ಕಾಕಾ:
ಗ್ಲಾಸಿನ ಖರ್ಚಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ, ಇನ್ಶೂರೆನ್ಸ್ ನನ್ನ ಹೊಟ್ಟೆಪಾಡು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಂದು ಪೈಸೆಯೂ ಬರುವುದಿಲ್ಲ. ಫುಲ್ ಪಾಲಿಸಿ ಇದ್ದರೆ ಗ್ಲಾಸಿಗೆ ಸವಕಳಿ ಕಡಿತ ಇಲ್ಲ. ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಹೋಗುತ್ತದೆ, ಗ್ಲಾಸಿಗೆ ಸೊನ್ನೆ. ಆದರೆ 1500 ಸಿಸಿ ಒಳಗಿನ ಕಾರಿಗೆ ಮೊದಲ 1000 ರೂಪಾಯಿ ನಿಮ್ಮದೇ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2000. ಅದಕ್ಕಿಂತ ಮುಖ್ಯ, ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಮೊದಲ ವರ್ಷ 20 ಪರ್ಸೆಂಟ್ ಇರುವುದು ಐದು ವರ್ಷಕ್ಕೆ 50 ಆಗುತ್ತದೆ. 50 ಪರ್ಸೆಂಟ್ ಕಳೆದುಕೊಂಡು ಒಂದು ಬಾಗಿಲ ಗ್ಲಾಸ್ ಹಾಕಿಸಿಕೊಳ್ಳುವುದು ಯಾವ ಲೆಕ್ಕ? ಗ್ಲಾಸಿನ ಬಿಲ್ ಕೇಳಿ, ಬೋನಸ್ ಎಷ್ಟು ಅಂತ ನೋಡಿ, ಆಮೇಲೆ ಫಾರ್ಮ್ ತುಂಬಿ.

ರೋಡ್‌ಸೈಡ್ ಅಸಿಸ್ಟೆನ್ಸ್ ಅಂತ ಸಣ್ಣ ಆ್ಯಡ್-ಆನ್ ಇದೆ. ಚಾವಿ ಒಳಗುಳಿದರೆ ಬಂದು ತೆರೆಯುವುದು ಸಾಮಾನ್ಯವಾಗಿ ಅದರಲ್ಲಿ ಸೇರಿರುತ್ತದೆ. ಆದರೆ ಫೋನ್ ನಂಬರ್ ಬರೆದ ಪಾಲಿಸಿ ಕಾಗದವನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಡುತ್ತೀರಿ. ಏನು ಹೇಳಲಿ ನಿಮಗೆ!

ಉಣಕಲ್ ದಂಡೆ:
ಕಾಕಾ ಹೇಳಿದ ಆ ಗಾಡಿ ಹುಬ್ಬಳ್ಳಿಯಲ್ಲಿ ಬರುತ್ತದೆ, ಹಾವೇರಿ ಕಡೆಯ ಹಳ್ಳಿ ರಸ್ತೆಯಲ್ಲಿ ಎಷ್ಟು ಹೊತ್ತಿಗೆ ಬರುತ್ತದೋ. ಹೈವೇ ಮೇಲಾದರೆ ಹೈವೇ ಸಹಾಯವಾಣಿ 1033ಕ್ಕೆ ಫೋನ್ ಮಾಡಬಹುದು.

ಚಾವಿಯವರು ತೆರೆಯುವುದನ್ನು ನಾನು ದುರ್ಗದ ಬೈಲಿನ ಹತ್ತಿರ ನಿಂತು ನೋಡಿದ್ದೇನೆ. ಮಿರ್ಚಿ ತಿನ್ನಲು ಬಂದವರ ಕಾರು. ಚಾವಿಯಾತ ಬಾಗಿಲ ಮೇಲಿನ ಮೂಲೆಯಲ್ಲಿ ಪ್ಲಾಸ್ಟಿಕ್ ಬೆಣೆ ತುರುಕಿದ, ಪೇಂಟಿಗೆ ಗೀರು ಬೀಳದಂತೆ ಕೆಳಗೆ ಬಟ್ಟೆ. ಆ ಸಂದಿಯಲ್ಲಿ ರಬ್ಬರಿನ ಚಪ್ಪಟೆ ಚೀಲ ಇಟ್ಟು, ಕೈಯಲ್ಲಿದ್ದ ಬುಗ್ಗೆಯನ್ನು ಬಿಪಿ ನೋಡುವವರ ಹಾಗೆ ಒತ್ತಿ ಒತ್ತಿ ಗಾಳಿ ತುಂಬಿದ. ಬಾಗಿಲು ಬೆರಳಿನಷ್ಟು ಬಿಟ್ಟುಕೊಂಡಿತು. ಉದ್ದನೆ ಸರಳು ಒಳಗೆ ಬಿಟ್ಟು ಒಳಗಿನ ಹ್ಯಾಂಡಲ್ ಎಳೆದ, ಅಷ್ಟೇ. ತೆರೆದ ಮೇಲೆ ದುಡ್ಡು ಕೇಳುವ ಮುಂಚೆ ಆರ್‌ಸಿ ಕೇಳಿದ. ಅದು ನನಗೆ ಭಾಳ ಸೇರಿತು. ಹಳೇ ಕಾಲದ ಹಾಗೆ ಗ್ಲಾಸ್ ರಬ್ಬರಿನಲ್ಲಿ ಸ್ಟೀಲ್ ಪಟ್ಟಿ ಇಳಿಸಬಹುದಲ್ಲ ಅಂತ ಯಾರೋ ಅಂದರು. ಈಗಿನ ಬಾಗಿಲೊಳಗೆಲ್ಲ ವೈರು, ಕಿತ್ತರೆ ಪವರ್ ವಿಂಡೋನೂ ಹೋಗುತ್ತೆ ಅಂದ.

ಗದಗಿನ ಗಾಡಿ:
ಎಲ್ಲ ಸರಿ. ಗ್ಲಾಸ್ ಒಡೆಯುವುದು, ಗಾಳಿ ಚೀಲ, ಬೋನಸ್ ಎಲ್ಲ ಲಾಕ್ ಆದ ಮೇಲಿನ ಕಥೆ. ಲಾಕ್ ಆಗದ ಹಾಗೆ ಯಾಕೆ ಮಾಡುವುದಿಲ್ಲ? 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್, ಸ್ಪೀಡ್ ಅಲಾರ್ಮ್, ಹಿಂದಿನ ಪಾರ್ಕಿಂಗ್ ಸೆನ್ಸರ್ ಜೊತೆಗೆ ಸೆಂಟ್ರಲ್ ಲಾಕನ್ನು ಒಳಗಿಂದ ಕೈಯಲ್ಲಿ ತೆರೆಯುವ ವ್ಯವಸ್ಥೆಯೂ ಕಡ್ಡಾಯವಾಯಿತು. ಕರೆಂಟ್ ಹೋದರೂ ಒಳಗಿನವರು ಹೊರಗೆ ಬರಬಹುದು. ಒಳ್ಳೆಯದೇ. ಹೊರಗೆ ಉಳಿದವರ ಬಗ್ಗೆಯೂ ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು?

ಲೈನ್ ಬಜಾರ್:
ಒಳಗೆ ಸಿಕ್ಕಿಕೊಂಡರೆ ಜೀವ ಹೋಗುತ್ತದೆ, ಹೊರಗೆ ಉಳಿದರೆ ಊಟ ಗುಡಿ ಮುಂದೆ ಆಗುತ್ತದೆ. ಸರ್ಕಾರ ಮೊದಲು ಯಾವುದನ್ನು ನೋಡಬೇಕು?

ಗದಗಿನ ಗಾಡಿ:
ಅಕ್ಕಾರ ಓಣಿಯ ತಾಯಿ ಹೊರಗೇ ಉಳಿದಿದ್ದು.

ಪಾನಾ ಹಿಡಿದವ:
ಇಬ್ಬರೂ ಸ್ವಲ್ಪ ತಡೀರಿ. ಚಾವಿ ಇಗ್ನಿಷನ್‌ನಲ್ಲಿದ್ದು ಡ್ರೈವರ್ ಬಾಗಿಲು ತೆರೆದಿದ್ದರೆ ಲಾಕ್ ಹಾಕಿದರೂ ವಾಪಸ್ ಬಿಚ್ಚಿಕೊಳ್ಳುವ ಕಾರು ಹಿಂದಿನಿಂದಲೂ ಇವೆ. ಡಿಕ್ಕಿಯನ್ನೂ ಬಾಗಿಲು ಅಂತ ಎಣಿಸುವುದಕ್ಕೆ ಹೊಸ ಸಾಮಾನೇನೂ ಬೇಕಿಲ್ಲ. ಡಿಕ್ಕಿ ತೆರೆದಾಗ ಒಳಗೆ ಲೈಟ್ ಹತ್ತುತ್ತದಲ್ಲ, ಆ ಸ್ವಿಚ್ ಇದ್ದೇ ಇದೆ. ಪ್ರೋಗ್ರಾಂನಲ್ಲಿ ಒಂದು ಸಾಲು ಅಷ್ಟೇ. ಇದರಲ್ಲಿ ನಾನು ಗಾಡಿ ಅಣ್ಣಾರ ಕಡೆ.

ಈಗ ಹೀಗೆ ಮಾಡಿ ಅಣ್ಣಾ. ಡ್ರೈವರ್ ಗ್ಲಾಸ್ ಪೂರ್ತಿ ಇಳಿಸಿ, ಬಾಗಿಲೆಲ್ಲ ಹಾಕಿ, ಹೊರಗೆ ನಿಂತು ಲಾಕ್ ಮಾಡಿ. ಮತ್ತೆ ಅನ್‌ಲಾಕ್ ಮಾಡಿ ಡಿಕ್ಕಿ ಮಾತ್ರ ತೆರೆಯಿರಿ. ಚಾವಿ ಕೈಯಲ್ಲೇ ಇರಲಿ. ಕಾಯಿರಿ.

ಗದಗಿನ ಗಾಡಿ:
ಈಗಷ್ಟೇ ಮನೆ ಮುಂದೆ ಮಾಡಿ ನೋಡಿದೆ. ಡಿಕ್ಕಿ ಬಾಯಿ ತೆರೆದುಕೊಂಡೇ ಇದೆ, ನಾಲ್ಕೂ ಬಾಗಿಲು ಟಕ್ ಅಂತ ಲಾಕ್ ಆದವು. ಮಗ ವಿಡಿಯೋ ಮಾಡಿದ್ದಾನೆ.

ಲೈನ್ ಬಜಾರ್:
ನಾನೂ ಮಾಡಿದೆ. ನನ್ನ ಕಾರಿನಲ್ಲಿ ಡಿಕ್ಕಿ ತೆರೆದರೆ ಲಾಕ್ ಆಗುವುದಿಲ್ಲ. ಸರಿ ಅಣ್ಣಾ, ಈ ಡಿಕ್ಕಿ ವಿಷಯದಲ್ಲಿ ಒಪ್ಪಿದೆ. ಆಟೋ ಲಾಕೇ ಬೇಡ ಅನ್ನುವುದನ್ನು ಒಪ್ಪುವುದಿಲ್ಲ.

ಗದಗಿನ ಗಾಡಿ:
ಪಾನಾ ಅಣ್ಣಾ, ಇದನ್ನು ಬಂದ್ ಮಾಡಿಸಬಹುದಾ?

ಪಾನಾ ಹಿಡಿದವ:
ಕೆಲವು ಕಾರಿನಲ್ಲಿ ಸ್ಕ್ರೀನಿನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ, ಕೆಲವಕ್ಕೆ ಸರ್ವಿಸ್ ಸೆಂಟರ್‌ನ ಸ್ಕ್ಯಾನರ್ ಹಚ್ಚಬೇಕು, ಕೆಲವುಗಳಲ್ಲಿ ಆಗುವುದೇ ಇಲ್ಲ. ಮಾಡೆಲ್, ವರ್ಷ, ವೇರಿಯಂಟ್ ಮೂರೂ ಬರೆದು ಕಳಿಸಿ, ನೋಡಿ ಹೇಳುತ್ತೇನೆ. ಆ ವಿಡಿಯೋ ಅಳಿಸಬೇಡಿ, ಸರ್ವಿಸ್ ಸೆಂಟರ್‌ನವರಿಗೆ ತೋರಿಸಲು ಬೇಕಾಗುತ್ತದೆ.