ಹಳೆಯ ಚಿತ್ರಮಂದಿರವನ್ನು ಕಲಾಮಂದಿರವಾಗಿ ಉಳಿಸುವ ಬಗೆ

ಪ್ರಶ್ನೆ: ಸಣ್ಣ ಪಟ್ಟಣದ ಮುಚ್ಚಿಹೋದ ಚಿತ್ರಮಂದಿರವೊಂದನ್ನು, ಅದರ ಹಳೆಯ ರೂಪ ಕೆಡದಂತೆ, ನಾಟಕ ಮತ್ತು ಸಂಗೀತಕ್ಕೆ ಬಳಸಬೇಕೆಂದರೆ ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕು?

ಉತ್ತರ 1: ಚಾವಣಿಯಿಂದ ಆರಂಭಿಸಿ. ನೀರು ಸೋರುತ್ತಿರುವಾಗ ಗಾರೆಯ ಅಲಂಕಾರಕ್ಕೋ ಆಸನಗಳಿಗೋ ಹಣ ಸುರಿಯುವುದು ವ್ಯರ್ಥ. ಆಮೇಲೆ ವಿದ್ಯುತ್ ತಂತಿ ಹಾಗೂ ತುರ್ತು ನಿರ್ಗಮನದ ಬಾಗಿಲುಗಳನ್ನು ನೋಡಿ. ಪ್ರೊಜೆಕ್ಟರ್ ಕೋಣೆಯನ್ನು ಮಾತ್ರ ಒಡೆಯಬೇಡಿ: 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುತ್ತಿದ್ದುದರಿಂದ, ಬೆಂಕಿ ಸಭಾಂಗಣಕ್ಕೆ ಹರಡದಂತೆ ಅಂತಹ ಕೋಣೆಗಳನ್ನು ಪ್ರತ್ಯೇಕವಾಗಿ ಕಟ್ಟುತ್ತಿದ್ದರು. ನನ್ನ ದೃಷ್ಟಿಯಲ್ಲಿ ಕಟ್ಟಡದ ಚರಿತ್ರೆ ಅಲಂಕಾರಕ್ಕಿಂತ ಅಲ್ಲೇ ಹೆಚ್ಚು ಉಳಿದಿದೆ.

ಉತ್ತರ 2: ಚಿತ್ರಕ್ಕೆಂದೇ ಕಟ್ಟಿದ ಮಂದಿರಗಳಲ್ಲಿ ಪರದೆಯ ಹಿಂದೆ ಜಾಗ ಕಡಿಮೆಯಿರುವುದರಿಂದ, ನಾಟಕಕ್ಕಾಗಿ ಮುಂದಿನ ಕೆಲವು ಸಾಲುಗಳನ್ನು ತೆಗೆದು ವೇದಿಕೆಯನ್ನು ಚಾಚಬೇಕಾದೀತು, ಆ ಭಾಗ ಬಿಚ್ಚಿ ತೆಗೆಯುವಂತಿರಲಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ಮಳೆಗಾಲಕ್ಕೆ ಮುನ್ನ ಚಾವಣಿಯನ್ನು ಎಂಜಿನಿಯರರಿಂದ ಪರೀಕ್ಷೆ ಮಾಡಿಸುತ್ತೇವೆ.